ಈಲಿಯ ಕೊಬ್ಬು ಕರಗಿದರೆ ಸಾಲದು, ಉರಿಯಬೇಕು

(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ವೈದ್ಯನಲ್ಲ. ಬೇಸಾಯದ ಡಿಪ್ಲೊಮಾ ಓದಿ, ನಿಮ್ಮ ಹಳ್ಳಿಗಳಲ್ಲಿ ಬೀಜ, ಗೊಬ್ಬರ, ದನಕರುಗಳ ಮಾತನಾಡಿಕೊಂಡು ತಿರುಗುವವನು. ಆದರೂ ಈ ದಿನ ಗೊಬ್ಬರದ ಮಾತನ್ನು ಬದಿಗಿಟ್ಟು ಮನುಷ್ಯನ ಹೊಟ್ಟೆಯೊಳಗಿನ ಒಂದು ವಿಷಯವನ್ನು ತೆಗೆದುಕೊಂಡಿದ್ದೇನೆ. ಕಾರಣ ಇಷ್ಟೇ. ಆರೋಗ್ಯ ತಪಾಸಣೆಗೆ ಹೋಗಿ ಬಂದ ಕೆಲವರು ಸ್ಕ್ಯಾನಿಂಗ್ ಚೀಟಿಯನ್ನು ನನ್ನ ಮುಂದೆ ಹಿಡಿದು, "ಸ್ವಾಮಿ, ಇದರಲ್ಲಿ ಫ್ಯಾಟಿ ಲಿವರ್ ಅಂತ ಬರೆದಿದೆಯಂತೆ. ಸಂತೆಯಲ್ಲಿ ಒಂದು ಪುಡಿ ಮಾರುತ್ತಾರೆ, ಬೆಣ್ಣೆ ಕರಗಿಸಿದ ಹಾಗೆ ಕೊಬ್ಬನ್ನು ಕರಗಿಸುತ್ತದಂತೆ. ತೆಗೆದುಕೊಳ್ಳಲೇ?" ಎಂದು ಕೇಳುತ್ತಿದ್ದಾರೆ. ಒಬ್ಬ ಯಜಮಾನರಂತೂ ಕೇಳುವುದಕ್ಕೆ ಮೊದಲೇ ಎರಡು ತಿಂಗಳು ಆ ಪುಡಿಯನ್ನು ತಿಂದಿದ್ದರು. ಮಾರುವವನ ಮಾತನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಬಿಟ್ಟಿದ್ದರು. ಕಾಲಿನ ಹುಣ್ಣು ಮಾಯದೆ ಕೊನೆಗೆ ಆಸ್ಪತ್ರೆ ಸೇರಬೇಕಾಯಿತು. ಇನ್ನೊಬ್ಬ ತರುಣ, ಕೊಬ್ಬು ಇಳಿಯಲೆಂದು ಒಂದು ವಾರ ಬರೀ ನೀರು ಕುಡಿದು ಹೊಲದಲ್ಲಿ ಬವಳಿ ಬಂದು ಬಿದ್ದ. ಇಬ್ಬರೂ ದಡ್ಡರಲ್ಲ. ಈಲಿಯಲ್ಲಿ ಕೊಬ್ಬು ಹೇಗೆ ಕೂಡುತ್ತದೆ, ಹೇಗೆ ಹೊರಡುತ್ತದೆ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದನ್ನು ಹೇಳುವುದೇ ಈ ದಿನದ ನನ್ನ ಕೆಲಸ.

ಪುಸ್ತಕದವರು ಯಕೃತ್ತು ಎನ್ನುತ್ತಾರೆ, ಪಿತ್ತಜನಕಾಂಗ ಎನ್ನುತ್ತಾರೆ, ಆಸ್ಪತ್ರೆಯಲ್ಲಿ ಲಿವರ್. ಕುರಿ ಕೊಯ್ದಾಗ ನಾವು ಈಲಿ ಎನ್ನುವುದು ಇದನ್ನೇ. ಮನುಷ್ಯನಲ್ಲಿ ಇದು ಬಲಗಡೆ ಪಕ್ಕೆಲುಬಿನ ಕೆಳಗೆ ಅಡಗಿರುತ್ತದೆ. ವಯಸ್ಸಿಗೆ ಬಂದವರಲ್ಲಿ ಸುಮಾರು ಒಂದೂವರೆ ಕಿಲೊ ತೂಗುತ್ತದೆ. ಕರುಳಿನಿಂದ ಹೊರಟ ರಕ್ತ ಮೊದಲು ಬರುವುದು ಈಲಿಗೆ. ನಾವು ಉಂಡದ್ದನ್ನು ಅಳೆದು, ಮೈಗೆ ಬೇಕಾದಷ್ಟನ್ನು ಹಂಚಿ, ಉಳಿದದ್ದನ್ನು ಕೂಡಿಡುವ ಲೆಕ್ಕ ಅಲ್ಲಿ ನಡೆಯುತ್ತದೆ. ಒಳ್ಳೆಯ ಈಲಿ ಕಡುಗೆಂಪಾಗಿ ನುಣುಪಾಗಿರುತ್ತದೆ. ಕೊಬ್ಬು ತುಂಬಿದ್ದು ಹಳದಿಗೆ ತಿರುಗಿ, ಉಬ್ಬಿ, ಮುಟ್ಟಿದರೆ ಜಿಡ್ಡಾಗಿರುತ್ತದೆ. ಈಲಿಯ ನೂರು ಜೀವಕೋಶಗಳಲ್ಲಿ ಐದಕ್ಕಿಂತ ಹೆಚ್ಚು ಕೋಶಗಳಲ್ಲಿ ಕೊಬ್ಬಿನ ಹನಿಗಳು ಕಂಡರೆ ಅದನ್ನು ಕೊಬ್ಬಿದ ಈಲಿ ಎಂದು ವೈದ್ಯರು ಎಣಿಸುತ್ತಾರೆ.

ಇದು ಕುಡುಕರ ಕಾಯಿಲೆ ಎಂಬ ಮಾತು ಇನ್ನೂ ನಮ್ಮಲ್ಲಿ ಉಂಟು. ಆ ಕಾರಣಕ್ಕಾಗಿ ಚೀಟಿಯನ್ನು ಮನೆಯವರಿಗೂ ತೋರಿಸದೆ ಬಚ್ಚಿಟ್ಟ ತಾಯಂದಿರು ಇದ್ದಾರೆ. ಹೆಂಡ, ಸಾರಾಯಿ, ಬ್ರಾಂದಿಯಿಂದ ಈಲಿ ಕೊಬ್ಬುವುದು ನಿಜ. ಆದರೆ ಒಂದು ತೊಟ್ಟು ಮುಟ್ಟದವರಿಗೂ ಇದು ಬರುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು, ರಕ್ತದ ಒತ್ತಡಗಳ ಜೊತೆಗಾರ ಇದು. ಭಾರತ ಸರ್ಕಾರ ೨೦೨೧ರಲ್ಲಿ, ಕುಡಿತದಿಂದಲ್ಲದೆ ಬರುವ ಈ ಕಾಯಿಲೆಯನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಕ್ಕೆ ಸೇರಿಸಿತು. ೨೦೨೩ರಲ್ಲಿ ಜಗತ್ತಿನ ಈಲಿ ತಜ್ಞರು ಕೂಡಿ ಕಾಯಿಲೆಯ ಹೆಸರನ್ನೇ ಬದಲಿಸಿದರು. "ಕುಡಿತದ್ದಲ್ಲದ" ಎಂದು ಕರೆಯುವುದನ್ನು ಬಿಟ್ಟು, ದೇಹದ ಆಹಾರ ಬಳಕೆ ಕೆಟ್ಟದ್ದರಿಂದ ಬಂದದ್ದು ಎಂಬ ಅರ್ಥದ ಹೆಸರಿಟ್ಟರು. ನನಗೆ ಅದು ಸರಿಯಾಗಿ ಕಂಡಿದೆ. ರೋಗಿಗೆ ನಾಚಿಕೆ ತರುವ ಹೆಸರಿನಿಂದ ಯಾರಿಗೂ ಉಪಕಾರವಿಲ್ಲ.

"ನಾನು ಸಣಕಲ, ನನಗೇಕೆ ಬರುತ್ತದೆ?" ಎನ್ನುವವರೂ ಇದ್ದಾರೆ. ಅವರಿಗೆ ಇಬ್ಬರು ವೈದ್ಯರ ಕಥೆ ಹೇಳುತ್ತೇನೆ. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಯುಡ್ಕಿನ್ ಅಕ್ಕಪಕ್ಕ ನಿಂತು ತೆಗೆಸಿಕೊಂಡ ಒಂದು ಚಿತ್ರ ೨೦೦೪ರಲ್ಲಿ ವೈದ್ಯರ ಪತ್ರಿಕೆಯಲ್ಲಿ ಅಚ್ಚಾಯಿತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ, ೨೨.೩. ಆದರೆ ಮೈಯಲ್ಲಿರುವ ಕೊಬ್ಬನ್ನು ಅಳೆದಾಗ ಇಂಗ್ಲಿಷ್ ವೈದ್ಯರದು ನೂರಕ್ಕೆ ೯.೧ ಪಾಲು, ನಮ್ಮವರದು ೨೧.೨ ಪಾಲು! ಕಣ್ಣಿಗೆ ತೆಳ್ಳಗೆ ಕಂಡರೂ ಕೊಬ್ಬು ಒಳಗೆ, ಹೊಟ್ಟೆಯ ಸುತ್ತ, ಕೂಡಿರಬಹುದು. ಆದುದರಿಂದ ತಕ್ಕಡಿಯ ಮಾತನ್ನೊಂದೇ ನಂಬಬೇಡಿ. ಸೊಂಟದ ದಾರವನ್ನೂ ನೋಡಿಕೊಳ್ಳಿ.

ಈಲಿಗೆ ಈ ಕೊಬ್ಬು ಎಲ್ಲಿಂದ ಬರುತ್ತದೆ? ಎಣ್ಣೆ ತಿಂದದ್ದು ನೇರವಾಗಿ ಹೋಗಿ ಈಲಿಯಲ್ಲಿ ಕೂರುತ್ತದೆಂದು ಬಹಳ ಜನರ ನಂಬಿಕೆ. ಅದು ಒಂದು ಪಾಲು ಮಾತ್ರ. ಅಮೆರಿಕದಲ್ಲಿ ಕೆಲವೇ ರೋಗಿಗಳ ಮೇಲೆ ಬಹಳ ಜಾಗರೂಕತೆಯಿಂದ ಮಾಡಿ ೨೦೦೫ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಈಲಿಯ ಕೊಬ್ಬಿನ ನೂರು ಪಾಲಿನಲ್ಲಿ ೫೯ ಪಾಲು ಮೈಯ ಬೇರೆ ಕಡೆಯ ಕೊಬ್ಬಿನಿಂದ ರಕ್ತದ ಮೂಲಕ ಹರಿದು ಬಂದದ್ದು, ೨೬ ಪಾಲು ಈಲಿ ತಾನೇ ಸಕ್ಕರೆ ಹಿಟ್ಟುಗಳಿಂದ ತಯಾರಿಸಿದ್ದು, ೧೫ ಪಾಲು ಮಾತ್ರ ಊಟದ ಎಣ್ಣೆ ಬೆಣ್ಣೆಯದು ಎಂದು ತಿಳಿದುಬಂತು. ಹಿಟ್ಟು ಕೊಬ್ಬಾಗುವುದು ನಿಮಗೆ ಹೊಸದೇನಲ್ಲ. ಫ್ರಾನ್ಸ್ ದೇಶದಲ್ಲಿ ಬಾತುಗಳಿಗೆ ಕೊಳವೆ ಇಟ್ಟು ಮುಸುಕಿನ ಜೋಳವನ್ನು ತುರುಕಿ, ಅವುಗಳ ಈಲಿಯನ್ನು ಹಲವು ಪಟ್ಟು ಉಬ್ಬಿಸಿ, ಅದನ್ನೇ ದೊಡ್ಡ ಬೆಲೆಗೆ ಮಾರುತ್ತಾರೆ. ಬಾತು ತಿಂದದ್ದು ಜೋಳ. ಈಲಿಯಲ್ಲಿ ಕೂತದ್ದು ಕೊಬ್ಬು.

ಈಗ ಜೀವಕೋಶದೊಳಕ್ಕೆ ಹೋಗೋಣ. ಇಟ್ಟಿಗೆಗಳು ಸೇರಿ ಗೋಡೆಯಾಗುವಂತೆ ಕೋಟ್ಯಂತರ ಜೀವಕೋಶಗಳು ಸೇರಿ ಈಲಿ ಆಗಿದೆ. ಒಂದೊಂದೂ ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದರೊಳಗೆ ಕೊಬ್ಬು ಹನಿಹನಿಯಾಗಿ ಇರುತ್ತದೆ. ಹನಿಯ ಸುತ್ತ ತೆಳುವಾದ ಒಂದು ಪೊರೆ, ಪೊರೆಯ ಮೇಲೆ ಕಾವಲುಗಾರರಂತೆ ಕೆಲವು ಸಸಾರಜನಕ ವಸ್ತುಗಳು. ಕಾವಲು ಸಡಿಲವಾಗುವವರೆಗೆ ಒಳಗಿನ ಕೊಬ್ಬನ್ನು ಯಾರೂ ಮುಟ್ಟುವಂತಿಲ್ಲ. ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಹಾಗೆ. ಹಗೇವು ತಪ್ಪಲ್ಲ, ಬರಗಾಲಕ್ಕೆ ಅದು ಬೇಕು. ಪ್ರತಿ ಸುಗ್ಗಿಯಲ್ಲೂ ಸುರಿಯುತ್ತಲೇ ಹೋಗಿ ಒಂದು ಸಲವೂ ಬಾಯಿ ತೆಗೆಯದಿದ್ದರೆ ಮಾತ್ರ ತೊಂದರೆ.

ಈ ಹಗೇವಿನ ಬಾಯಿ ತೆರೆಯುವ ದಾರಿ ಎರಡು.

ಮೊದಲನೆಯದು ಹೀಗೆ. ಕೊಬ್ಬಿನ ಒಂದು ಕಣವನ್ನು ಮೂರು ತಾಳಿನ ಕೂರಿಗೆಯೆಂದು ಭಾವಿಸಿ. ಮೇಲಿನ ದಿಂಡು ಗ್ಲಿಸರಿನ್. ಅದಕ್ಕೆ ಸಿಕ್ಕಿಸಿದ ಮೂರು ತಾಳುಗಳು ಕೊಬ್ಬಿನ ಆಮ್ಲಗಳು. ಕೂರಿಗೆ ಇಡಿಯಾಗಿದ್ದರೆ ಉರಿಸಲು ಬರುವುದಿಲ್ಲ. ತಾಳುಗಳನ್ನು ಒಂದೊಂದಾಗಿ ಕಳಚಬೇಕು. ಕಳಚುವ ಕೆಲಸಗಾರರಿಗೆ ಕಿಣ್ವಗಳೆಂದು ಹೆಸರು. ಮೊದಲ ತಾಳನ್ನು ಕಳಚುವ ಕಿಣ್ವವನ್ನು ೨೦೦೪ರಲ್ಲಿ ಆಸ್ಟ್ರಿಯ ದೇಶದ ಗ್ರಾಜ್ ನಗರದ ಝೆಕ್ನರ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಎರಡನೆಯದಕ್ಕೂ ಮೂರನೆಯದಕ್ಕೂ ಬೇರೆ ಕಿಣ್ವಗಳಿವೆ. ಮೊದಲ ತಾಳೇ ಕಷ್ಟ. ಅದು ಕಳಚಿದರೆ ಉಳಿದವು ಬೇಗ ಬರುತ್ತವೆ. ಕೆಲವರ ವಂಶದಲ್ಲಿ ಈ ಮೊದಲ ಕೆಲಸಗಾರನ ಸಹಾಯಕನನ್ನು ಹಿಡಿದು ಕೂರುವ ಒಂದು ದೋಷ ಹುಟ್ಟಿನಿಂದಲೇ ಇರುತ್ತದೆ. ಅಮೆರಿಕದ ಡಲ್ಲಾಸ್ ನಗರದಲ್ಲಿ ೨೦೦೮ರಲ್ಲಿ ಆ ದೋಷದ ಗುರುತು ಸಿಕ್ಕಿತು. ಆದುದರಿಂದ ಒಂದೇ ಬಗೆಯ ಊಟ ಉಂಡ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಈಲಿ ಕೊಬ್ಬಿದರೆ ಅವನನ್ನು ಹೊಟ್ಟೆಬಾಕನೆಂದು ಹಂಗಿಸಬೇಡಿ.

ಎರಡನೆಯ ದಾರಿ ಇನ್ನೂ ವಿಚಿತ್ರ. ಜೀವಕೋಶ ತನ್ನೊಳಗಿನ ಕೊಬ್ಬಿನ ಹನಿಯ ಒಂದು ಭಾಗವನ್ನೋ, ಚಿಕ್ಕ ಹನಿಯಾದರೆ ಇಡಿಯಾಗಿಯೋ, ಒಂದು ಪೊರೆಯ ಚೀಲದಲ್ಲಿ ಕಟ್ಟಿ, ಹುಳಿರಸ ತುಂಬಿದ ಇನ್ನೊಂದು ಚೀಲದೊಳಕ್ಕೆ ಸೇರಿಸುತ್ತದೆ. ಆ ಹುಳಿಚೀಲಕ್ಕೆ ಲೈಸೋಸೋಮ್ ಎಂದು ಹೆಸರು. ಅದರೊಳಗಿನ ಕಿಣ್ವಗಳು ಕೊಬ್ಬನ್ನು ಅರಗಿಸಿ ಬಿಡಿ ಆಮ್ಲಗಳನ್ನಾಗಿ ಮಾಡುತ್ತವೆ. ಜೀವಕೋಶದ ತಿಪ್ಪೆಗುಂಡಿ ಎನ್ನಬಹುದು. ನಮ್ಮ ತಿಪ್ಪೆ ಕಳಿಯಲು ತಿಂಗಳುಗಳು ಬೇಕು, ಅಲ್ಲಿ ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ. ಈ ಚೀಲವನ್ನು ೧೯೫೫ರಲ್ಲಿ ಗುರುತಿಸಿ ಹೆಸರಿಟ್ಟವರು ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡೂವ್. ಅವರು ಅರೆದು ನೋಡಿದ್ದು ಇಲಿಯ ಈಲಿಯನ್ನೇ. (ಮುದ್ರಕರು ದಯವಿಟ್ಟು ಇಲಿ, ಈಲಿ ಎರಡನ್ನೂ ಸರಿಯಾಗಿ ಜೋಡಿಸಬೇಕು!) ಜೀವಕೋಶ ತನ್ನ ಒಳಗಿನದನ್ನೇ ತಾನು ತಿನ್ನುವ ಈ ಕ್ರಿಯೆಗೆ ೧೯೬೩ರಲ್ಲಿ ಹೆಸರು ಕೊಟ್ಟವರೂ ಅವರೇ. ೧೯೭೪ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಈ ಕ್ರಿಯೆ ಹೇಗೆ ನಡೆಯುತ್ತದೆಂಬುದನ್ನು ಹಿಟ್ಟು ಹುದುಗಿಸುವ ಯೀಸ್ಟಿನಲ್ಲಿ ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ ೨೦೧೬ರಲ್ಲಿ ಬಂತು.

ಆದರೆ ಹುಳಿಚೀಲದ ಈ ಕ್ರಿಯೆ ಈಲಿಯ ಕೊಬ್ಬನ್ನೂ ಅರಗಿಸುತ್ತದೆಂಬುದು ತಿಳಿದದ್ದು ೨೦೦೯ರಲ್ಲಿ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯ ಕಾಲೇಜಿನಲ್ಲಿ ರಜತ್ ಸಿಂಗ್, ಆನಾ ಮಾರಿಯಾ ಕ್ವೆರ್ವೊ, ಮಾರ್ಕ್ ಚಾಯ ಮೊದಲಾದವರು ಇಲಿಗಳ ಈಲಿಯಲ್ಲಿ ಈ ಕ್ರಿಯೆಯನ್ನು ತಡೆದು ನೋಡಿದರು. ಕೊಬ್ಬು ಕೂಡತೊಡಗಿತು. ಇನ್ನೊಂದು ಸಂಗತಿಯನ್ನೂ ಅವರು ಕಂಡರು, ಅದು ನಮಗೆ ಮುಖ್ಯ. ಬಹಳ ಕಾಲ ಕೊಬ್ಬಿನ ಮೇವನ್ನೇ ತಿನ್ನಿಸಿದ ಇಲಿಗಳಲ್ಲಿ ಈ ಕ್ರಿಯೆ ತಾನಾಗಿಯೇ ಮಂದವಾಗಿತ್ತು. ಎಂದರೆ ಕೊಬ್ಬು ಹೆಚ್ಚಾದಷ್ಟೂ ಅದನ್ನು ಅರಗಿಸುವ ಶಕ್ತಿ ಕುಗ್ಗುತ್ತದೆ. ಇಲಿಯಲ್ಲಿ ಕಂಡದ್ದೆಲ್ಲ ಅಷ್ಟೇ ಪ್ರಮಾಣದಲ್ಲಿ ಮನುಷ್ಯನಲ್ಲಿ ನಡೆಯುತ್ತದೆಂದು ಹೇಳಲಾಗದು. ಆದರೂ ಮೊದಮೊದಲು ಸುಲಭವಾಗಿ ಇಳಿಯುವ ಕೊಬ್ಬು ತಡಮಾಡಿದರೆ ಮೊಂಡು ಹಿಡಿಯುವುದೇಕೆಂದು ಇದರಿಂದ ಊಹಿಸಬಹುದು.

ಎರಡೂ ದಾರಿಗಳಿಗೆ ಅಪ್ಪಣೆ ಬರುವುದು ಯಾವಾಗ? ಉಂಡಾಗ ನಮ್ಮ ಮೈಯಲ್ಲಿ ಇನ್ಸುಲಿನ್ ಎಂಬ ರಸ ಏರುತ್ತದೆ. "ಬೆಳೆ ಬಂದಿದೆ, ತುಂಬಿರಿ" ಎಂದು ಅದರ ಆಜ್ಞೆ. ಹೊಟ್ಟೆ ಖಾಲಿಯಾದ ಮೇಲೆ ಅದು ಇಳಿಯುತ್ತದೆ. ಆಗ ಹಗೇವು ತೆರೆಯುವ ಸರದಿ. ರಾತ್ರಿ ಬೇಗ ಉಂಡು ಮಲಗಿದವನ ಈಲಿ ಮೊದಲು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡುತ್ತದೆ, ಅದು ಕಡಮೆಯಾದ ಹಾಗೆಲ್ಲ ಕೊಬ್ಬಿನ ಕಡೆಗೆ ಹೆಚ್ಚು ಹೆಚ್ಚಾಗಿ ಕೈಹಾಕುತ್ತದೆ. ಎದ್ದಾಗ ಸಿಹಿ ಟೀ, ಎಂಟಕ್ಕೆ ತಿಂಡಿ, ಹತ್ತಕ್ಕೆ ಟೀ, ಮಧ್ಯೆ ಬಿಸ್ಕತ್ತು, ಸಂಜೆ ಬೋಂಡ, ರಾತ್ರಿ ಹತ್ತೂವರೆಗೆ ಊಟವೆಂದರೆ ತುಂಬುವ ಆಜ್ಞೆ ನಿಲ್ಲುವುದೇ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಪುಡಿ ಮಾರುವವನ ಮಾತೇ ಸರಿಯೆಂದು ತೋರಬಹುದು. ಕರಗಿಸುವ ಕಿಣ್ವವನ್ನು ಎಬ್ಬಿಸಿದರೆ ಆಯಿತಲ್ಲ? ಇಲ್ಲಿಯೇ ನಾವು ಎಚ್ಚರವಾಗಿರಬೇಕು. ಕಳಚಿದ ಕೊಬ್ಬಿನ ಆಮ್ಲ ಸುಮ್ಮನೆ ಮಾಯವಾಗುವ ವಸ್ತುವಲ್ಲ. ಬಿಡಿಯಾಗಿ ಜೀವಕೋಶದೊಳಗೆ ಅಲೆದಾಡಿದರೆ ಅದು ಕೋಶವನ್ನೇ ಸುಡುತ್ತದೆ. ಬಾವು ಬರುತ್ತದೆ, ಬಾವಿನ ಮೇಲೆ ಗಾಯದ ಕಲೆಯಂತೆ ನಾರು ಕಟ್ಟುತ್ತದೆ. ನಾರು ಹೆಚ್ಚಿದರೆ ಈಲಿ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಅಲ್ಲಿಂದ ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಕೆಲವರಲ್ಲಿ ಕ್ಯಾನ್ಸರು. ಹನಿಯಾಗಿ ಕೂಡಿಟ್ಟದ್ದೇ ಒಂದು ಬಗೆಯ ರಕ್ಷಣೆ ಎಂದರೂ ತಪ್ಪಲ್ಲ. ಆದುದರಿಂದ ಕಳಚಿದ ಕೊಬ್ಬು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು.

ಅದು ಹೋಗಬೇಕಾದ ಜಾಗ ಮೈಟೊಕಾಂಡ್ರಿಯ. ಈಲಿಯ ಒಂದೊಂದು ಜೀವಕೋಶದಲ್ಲೂ ಸಾವಿರದಷ್ಟು ಇರುವ ಚಿಕ್ಕ ಒಲೆಗಳು ಇವು. ಕೊಬ್ಬಿನ ಆಮ್ಲದ ಉದ್ದ ಸರವನ್ನು ಎರಡೆರಡು ಇಂಗಾಲದ ತುಂಡಾಗಿ ಕತ್ತರಿಸಿ ಇವು ಉರಿಸುತ್ತವೆ. ಉರಿಯಿಂದ ಬಂದ ಬಲದಿಂದ ಈಲಿ ತನ್ನ ಕೆಲಸ ನಡೆಸುತ್ತದೆ, ಮಿಕ್ಕ ತುಂಡುಗಳನ್ನು ಮೆದುಳಿಗೂ ಮಾಂಸಖಂಡಗಳಿಗೂ ಸೌದೆಯಾಗಿ ಕಳುಹಿಸುತ್ತದೆ. ಆದರೆ ಈ ಒಲೆಗೆ ಒಂದು ಬಾಗಿಲಿದೆ. ಸಕ್ಕರೆಯನ್ನು ಕೊಬ್ಬಾಗಿಸುವ ಕೆಲಸ ಈಲಿಯಲ್ಲಿ ನಡೆಯುತ್ತಿರುವಾಗ, ಆ ಕೆಲಸದಲ್ಲಿ ಹುಟ್ಟುವ ಒಂದು ಪದಾರ್ಥವೇ ಬಾಗಿಲಿಗೆ ಅಗುಳಿ ಹಾಕುತ್ತದೆ. ಅಮೆರಿಕದ ಮ್ಯಾಕ್‌ಗ್ಯಾರಿ ಮತ್ತು ಫಾಸ್ಟರ್ ೧೯೭೭ರಲ್ಲಿ ಇದನ್ನು ತೋರಿಸಿದರು. ಒಂದೇ ಹೊತ್ತಿನಲ್ಲಿ ತುಂಬುವುದೂ ಉರಿಸುವುದೂ ಆಗದಂತೆ ದೇಹ ಮಾಡಿಕೊಂಡಿರುವ ಏರ್ಪಾಡು ಅದು. ಪುಡಿಯನ್ನು ಸಿಹಿ ಟೀಯಲ್ಲಿ ಕದಡಿ ಕುಡಿಯುತ್ತಿದ್ದ ನಮ್ಮ ಯಜಮಾನರ ಈಲಿಯಲ್ಲಿ ಒಲೆಯ ಬಾಗಿಲು ಹೇಗೆ ತೆರೆದೀತು? ಸಾರಾಯಿ ಇದಕ್ಕಿಂತ ಕೆಟ್ಟದ್ದು. ಸಾರಾಯಿ ಒಳಗೆ ಹೋದರೆ ಈಲಿ ಬೇರೆಲ್ಲವನ್ನೂ ಬಿಟ್ಟು ಮೊದಲು ಅದನ್ನೇ ಉರಿಸಬೇಕು. ಕೊಬ್ಬು ಸರದಿಯಲ್ಲಿ ಕಾಯುತ್ತದೆ.

ಇನ್ನೊಂದು ಹೊರದಾರಿಯೂ ಉಂಟು. ಈಲಿ ಕೊಬ್ಬನ್ನು ಸಣ್ಣ ಗಂಟುಗಳಾಗಿ ಕಟ್ಟಿ ರಕ್ತಕ್ಕೆ ಹಾಕಿ ಮೈಗೆ ಕಳುಹಿಸುತ್ತದೆ. ಗಂಟು ಕಟ್ಟಲು ಸಸಾರಜನಕ ಬೇಕು, ಕೋಲೀನ್ ಎಂಬ ವಸ್ತುವೂ ಬೇಕು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಕೆನಡಾದ ಚಾರ್ಲ್ಸ್ ಬೆಸ್ಟ್ ಮತ್ತು ಅವರ ಸಂಗಡಿಗರು ೧೯೩೦ರ ದಶಕದ ಮೊದಲಲ್ಲಿ, ಮೇದೋಜೀರಕವಿಲ್ಲದ ನಾಯಿಗಳ ಈಲಿ ಕೊಬ್ಬುವುದನ್ನು ಕೋಲೀನ್ ತಡೆಯುತ್ತದೆಂದು ತೋರಿಸಿದರು. ಆದುದರಿಂದ ಸೊರಗಿದ ಕೂಸಿನ ಈಲಿಯೂ ಕೊಬ್ಬುವುದುಂಟು. ಗಂಜಿ ಮಾತ್ರ ಸಿಕ್ಕಿ ಸಸಾರಜನಕ ಸಿಗದೆ ಕೈಕಾಲು ಬಾತ ಮಕ್ಕಳಲ್ಲಿ ಇದನ್ನು ಕಾಣುತ್ತಾರೆ. ಕೊಬ್ಬಿದ ಈಲಿ ಉಳ್ಳವರ ಕಾಯಿಲೆ ಮಾತ್ರವಲ್ಲ. ಮೊಟ್ಟೆ, ಸೋಯಾ ಅವರೆ, ಹಾಲು, ಕಡಲೆಕಾಯಿಗಳಲ್ಲಿ ಕೋಲೀನ್ ಇದೆ; ಅವರೆ, ಹುರುಳಿ, ತೊಗರಿಗಳಲ್ಲಿ ಸಸಾರಜನಕ ಹೇರಳವಾಗಿದೆ.

ಈಗ ನೀರು ಕುಡಿದು ಬಿದ್ದ ತರುಣನ ವಿಷಯ. ಇಲ್ಲಿ ನಾನು ಸ್ವಲ್ಪ ಧೈರ್ಯವಾಗಿ ಮಾತನಾಡಬಲ್ಲೆ, ಏಕೆಂದರೆ ಇದು ಹಸುವಿನಿಂದ ಕಲಿತ ಪಾಠ. ಮಿಶ್ರ ತಳಿಯ ಹಸು ಸಾಕಿರುವವರು ನೋಡಿರಬಹುದು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಿಂಡಿ ಹಾಕಿ ಹಾಕಿ ಬೆನ್ನಿನ ಮೇಲೆ ನೀರು ನಿಲ್ಲುವಷ್ಟು ಕೊಬ್ಬಿಸುತ್ತೇವೆ. ಕರು ಹಾಕಿದ ಕೂಡಲೇ ಹಾಲು ಭರದಿಂದ ಇಳಿಯುತ್ತದೆ, ಹಸುವಿಗೆ ಅಷ್ಟು ಮೇವು ಹಿಡಿಸುವುದಿಲ್ಲ. ಕೊರತೆ ತುಂಬಲು ಮೈಯ ಕೊಬ್ಬೆಲ್ಲ ಒಮ್ಮೆಗೇ ಕಳಚಿ ಈಲಿಗೆ ನುಗ್ಗುತ್ತದೆ. ದನದ ಈಲಿ ಕೊಬ್ಬನ್ನು ಗಂಟು ಕಟ್ಟಿ ಹೊರಗೆ ಕಳುಹಿಸುವುದರಲ್ಲಿ ಬಹಳ ನಿಧಾನ. ಒಲೆಗಳಿಗೂ ಅಷ್ಟನ್ನು ಪೂರ್ತಿ ಉರಿಸಲಾಗದು. ಅರ್ಧ ಉರಿದದ್ದು ರಕ್ತಕ್ಕೆ ಸೇರಿ, ಹಸುವಿನ ಉಸಿರಿನಲ್ಲಿ ಕೊಳೆತ ಹಣ್ಣಿನಂಥ ಸಿಹಿ ವಾಸನೆ ಬರುತ್ತದೆ. ಹಿಂಡಿ ಮೂಸುವುದಿಲ್ಲ, ಹಾಲು ಇಳಿಯುತ್ತದೆ, ಮಂಕಾಗಿ ನಿಲ್ಲುತ್ತದೆ. ದೃಷ್ಟಿಯಾಯಿತೆಂದು ಮೆಣಸಿನಕಾಯಿ ನಿವಾಳಿಸುತ್ತಾ ಕೂರಬೇಡಿ, ಆ ದಿನವೇ ಪಶುವೈದ್ಯರನ್ನು ಕರೆಯಿರಿ. ಹಾಲು ಬತ್ತಿಸುವ ಹೊತ್ತಿಗೆ ಹಸು ಹದವಾದ ಮೈಯಲ್ಲಿರಬೇಕು, ವಿಪರೀತ ಕೊಬ್ಬಿರಬಾರದು.

ಹಸುವಿನ ಈಲಿಯಲ್ಲಿ ಆದದ್ದು ಉಪವಾಸದಿಂದ ಕೊಬ್ಬು ಕಡಮೆಯಾದದ್ದಲ್ಲ, ಹೆಚ್ಚಾದದ್ದು! ಮನುಷ್ಯನ ಈಲಿ ಅಷ್ಟು ನಿಧಾನಿಯಲ್ಲ. ಆದರೂ ವಾರಗಟ್ಟಲೆ ಅನ್ನ ಬಿಟ್ಟು ಮೈಯ ಕೊಬ್ಬನ್ನು ಒಮ್ಮೆಗೇ ಈಲಿಯ ಮೇಲೆ ಸುರಿಯುವುದು ಸಲ್ಲದು. ವಾರಕ್ಕೆ ಅರ್ಧ ಕಿಲೊ, ಹೆಚ್ಚೆಂದರೆ ಒಂದು ಕಿಲೊ ಇಳಿದರೆ ಸಾಕು. ಎಷ್ಟು ಇಳಿಯಬೇಕು? ಕ್ಯೂಬಾ ದೇಶದಲ್ಲಿ ಈಲಿಗೆ ಬಾವು ಬಂದಿದ್ದ ೨೯೩ ಜನರಿಗೆ ಒಂದು ವರ್ಷ ಊಟ ನಡಿಗೆಗಳ ಕ್ರಮ ಹೇಳಿಕೊಟ್ಟು, ಮೊದಲೂ ಕೊನೆಯಲ್ಲೂ ಈಲಿಯ ಚೂರು ತೆಗೆದು ಪರೀಕ್ಷಿಸಿ, ೨೦೧೫ರಲ್ಲಿ ಫಲವನ್ನು ಪ್ರಕಟಿಸಿದರು. ಮೈತೂಕದ ನೂರಕ್ಕೆ ಹತ್ತು ಪಾಲು ಇಳಿಸಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿಯ ಬಾವು ಹೋಗಿತ್ತು. ಅರ್ಧಕ್ಕೆ ಹತ್ತಿರದಷ್ಟು ಜನರಲ್ಲಿ ನಾರೂ ಇಳಿದಿತ್ತು. ಆದರೆ ಅಷ್ಟು ಇಳಿಸಲು ಸಾಧ್ಯವಾದದ್ದು ಹತ್ತರಲ್ಲಿ ಒಬ್ಬರಿಗೆ ಮಾತ್ರ ಎಂಬುದನ್ನೂ ಹೇಳಿಬಿಡುತ್ತೇನೆ, ಸುಲಭವೆಂದು ನಿಮ್ಮನ್ನು ಮರುಳು ಮಾಡುವುದು ಬೇಡ. ನೂರಕ್ಕೆ ಐದು ಪಾಲು ಇಳಿದರೂ ಈಲಿಯ ಕೊಬ್ಬು ಕಡಮೆಯಾಗುತ್ತದೆ. ಎಪ್ಪತ್ತು ಕಿಲೊ ತೂಗುವವನಿಗೆ ಅದು ಮೂರೂವರೆ ಕಿಲೊ.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಟೀಯ ಲೆಕ್ಕ ಹಾಕಿ. ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ಹತ್ತು ಗ್ರಾಂ. ದಿನಕ್ಕೆ ಎಂಟು ಲೋಟ ಕುಡಿಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಎಂಬತ್ತು ಗ್ರಾಂ ಆಯಿತು. ತಿಂಗಳಿಗೆ ಎರಡು ಕಿಲೊ ನಾನೂರು ಗ್ರಾಂ ಸಕ್ಕರೆ ಒಬ್ಬರ ಈಲಿಯ ಮೂಲಕ ಹಾಯುತ್ತದೆ. ಸಕ್ಕರೆಯ ಅರ್ಧ ಭಾಗವಾದ ಹಣ್ಣುಸಕ್ಕರೆಯನ್ನು ಬಹುಪಾಲು ಈಲಿಯೇ ನೋಡಿಕೊಳ್ಳಬೇಕು. ಬಾಟಲಿಯ ಬಣ್ಣದ ಪಾನಕಗಳೂ ಇದೇ ಜಾತಿ. ಬೆಲ್ಲಕ್ಕೆ ಬದಲಾಯಿಸಿಕೊಂಡರೆ ಏನೂ ಉಪಯೋಗವಿಲ್ಲ. ಕಬ್ಬು ಬೆಳೆಯುವವರು ನನ್ನ ಮೇಲೆ ಕೋಪಿಸಿಕೊಳ್ಳಬಾರದು.

ಎರಡನೆಯದು ನಡಿಗೆ. ಮಾಂಸಖಂಡ ಕೆಲಸ ಮಾಡಿದರೆ ಕಳಚಿದ ಕೊಬ್ಬಿಗೆ ಗಿರಾಕಿ ಸಿಕ್ಕ ಹಾಗೆ. ತೂಕ ಇಳಿಯದಿದ್ದರೂ ಬರೀ ದುಡಿಮೆಯಿಂದಲೇ ಈಲಿಯ ಕೊಬ್ಬು ಸ್ವಲ್ಪ ಕಡಮೆಯಾಗುತ್ತದೆಂದು ಕಂಡಿದ್ದಾರೆ. "ನಾವು ರೈತರು, ನಮಗೆ ವ್ಯಾಯಾಮ ಹೇಳಬೇಕೇ?" ಎಂದು ನೀವು ನಗಬಹುದು. ಎತ್ತಿನ ಹಿಂದೆ ನಡೆಯುತ್ತಿದ್ದ ಕಾಲದಲ್ಲಿ ಹೇಳಬೇಕಾಗಿರಲಿಲ್ಲ. ಈಗ ಉಳುವುದು ಟ್ರಾಕ್ಟರು, ನೀರೆತ್ತುವುದು ಮೋಟಾರು, ಹೊಲಕ್ಕೆ ಹೋಗುವುದು ಬೈಕು. ಊಟದ ಅಳತೆ ಮಾತ್ರ ಅಪ್ಪನ ಕಾಲದ್ದು. ವಾರದಲ್ಲಿ ಐದು ದಿನ ಅರ್ಧ ಗಂಟೆಯಂತೆ, ಮಾತನಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸಾಗಿ ನಡೆಯಿರಿ.

ಮೂರನೆಯದು ರಾತ್ರಿಯ ಊಟ. ಏಳು, ಏಳೂವರೆಗೆ ಮುಗಿಸಿ, ಬೆಳಗಿನ ತಿಂಡಿಯವರೆಗೆ ನೀರಲ್ಲದೆ ಬೇರೇನೂ ಬೇಡ. ಇದು ಉಪವಾಸವಲ್ಲ, ನಮ್ಮ ಅಜ್ಜಂದಿರ ದಿನಚರಿ. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಾಯಿಸಬಾರದು, ಸಕ್ಕರೆ ತೀರ ಇಳಿದರೆ ಪ್ರಾಣಕ್ಕೇ ಅಪಾಯ. ಬಸುರಿಯರು, ಮೊಲೆಯೂಡಿಸುವ ತಾಯಂದಿರು ತೂಕ ಇಳಿಸುವ ಗೋಜಿಗೇ ಹೋಗಬಾರದು.

ಔಷಧಿಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಈಲಿಯಲ್ಲಿ ಕೊಬ್ಬು ಉರಿಯುವುದನ್ನು ಹೆಚ್ಚಿಸುವ ರೆಸ್ಮೆಟಿರೋಮ್ ಎಂಬ ಮಾತ್ರೆಗೆ ೨೦೨೪ರ ಮಾರ್ಚಿಯಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದೂ ನಾರು ಸಾಕಷ್ಟು ಕಟ್ಟಿದ, ಆದರೆ ಈಲಿ ಇನ್ನೂ ಗಂಟುಗಟ್ಟಿಲ್ಲದವರಿಗೆ, ಊಟ ವ್ಯಾಯಾಮಗಳ ಜೊತೆಯಲ್ಲಿ. ಯಾವುದನ್ನು ಯಾರಿಗೆ ಕೊಡಬೇಕೆಂಬುದು ವೈದ್ಯರ ಮಾತು. ಸಂತೆಯ ಪುಡಿಯಲ್ಲಿ ಏನಿದೆಯೆಂದು ಚೀಟಿಯೂ ಇರುವುದಿಲ್ಲ. ಬೇರು ಸೊಪ್ಪೆಂದ ಮಾತ್ರಕ್ಕೆ ಈಲಿಗೆ ಹಾನಿಯಿಲ್ಲವೆಂದು ತಿಳಿಯಬೇಡಿ, ಒಳಗೆ ಹೋದದ್ದನ್ನೆಲ್ಲ ಸೋಸಬೇಕಾದದ್ದು ಅದೇ ಈಲಿ.

ಕಣ್ಣು ಹಳದಿಯಾದರೆ, ಹೊಟ್ಟೆ ಊದಿದರೆ, ರಕ್ತವಾಂತಿಯಾದರೆ, ಮಲ ಕೀಲೆಣ್ಣೆಯಂತೆ ಕಪ್ಪಾದರೆ ನಾಳೆಗೆ ಬಿಡದೆ ಆಸ್ಪತ್ರೆಗೆ ಹೋಗಿ. ಈಲಿಯಲ್ಲಿ ಕೊಬ್ಬು ಕೂಡುವಾಗ ನೋವಿರುವುದಿಲ್ಲ. ಮೂವತ್ತು ವರ್ಷ ದಾಟಿದವರಿಗೆ ಉಪಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದ ಒತ್ತಡದ ಪರೀಕ್ಷೆಯನ್ನು ದುಡ್ಡಿಲ್ಲದೆ ಮಾಡುತ್ತಾರೆ, ಅಲ್ಲಿಂದ ಮೊದಲುಮಾಡಿ.

ಭಾಷಣದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡಕ್ಕೆ ಇಲ್ಲಿಯೂ ಉತ್ತರ ಬರೆಯುತ್ತೇನೆ.

ಒಬ್ಬ ಅಜ್ಜಿಯವರು, "ರಾಗಿ ಮುದ್ದೆ ಬಿಡಬೇಕೇನಪ್ಪಾ?" ಎಂದು ಕೇಳಿದರು. ಬಿಡಬೇಡಿ ಅಜ್ಜಿ. ಎರಡು ಮುದ್ದೆ ತಿನ್ನುವ ಮಗನಿಗೆ ಒಂದು ಹಾಕಿ. ಸಾರಿನಲ್ಲಿ ಕಾಳೂ ಸೊಪ್ಪೂ ಎರಡರಷ್ಟಿರಲಿ. ಮುದ್ದೆಯ ಮೇಲೆ ಮತ್ತೆ ಎರಡು ಸೌಟು ಅನ್ನ ಹಾಕುವುದನ್ನು ನಿಲ್ಲಿಸಿ.

ಯುವಕ ಸಂಘದವರೊಬ್ಬರು, ಸ್ಕ್ಯಾನಿಂಗನ್ನು ಮತ್ತೆ ಯಾವಾಗ ಮಾಡಿಸಬೇಕೆಂದು ಕೇಳಿದರು. ವಾರವಾರ ಮಾಡಿಸಿದರೆ ಏನೂ ಕಾಣಿಸದು, ದುಡ್ಡೂ ದಂಡ. ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ದಾರದಿಂದ ಅಳೆದು ಗಂಟು ಹಾಕಿಡಿ. ರಕ್ತ ಪರೀಕ್ಷೆ, ಸ್ಕ್ಯಾನಿಂಗುಗಳು ಯಾವಾಗ ಬೇಕೆಂದು ವೈದ್ಯರು ಹೇಳುತ್ತಾರೆ. ಹೋಗುವಾಗ ಹಳೆಯ ಚೀಟಿಯನ್ನು ತಪ್ಪದೆ ತೆಗೆದುಕೊಂಡು ಹೋಗಿ. ಎರಡನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ಇಳಿದಿದೆಯೋ ಏರಿದೆಯೋ ತಿಳಿಯುತ್ತದೆ. ಕಳೆದ ಸಲ ಒಬ್ಬರ ಚೀಟಿಯಲ್ಲಿ ಬದನೆ ಬೀಜ ಕಟ್ಟಿಟ್ಟಿದ್ದರು.